ಕೆಚ್ಚಿದ ಲೇಸು

ಬನಹಟ್ಟಿಯಲ್ಲಿ ಹುಟ್ಟಿ ಬೆಳೆದವಳು ಕೈಯಲ್ಲಿ ಲೇಸು ಹೆಣೆಯುತ್ತೇನೆ ಎಂದರೆ ಜನ ನಗದೆ ಇನ್ನೇನು ಮಾಡುತ್ತಾರೆ? ಓಣಿಯ ಎರಡೂ ಬದಿಗೆ ಪವರ್‌ಲೂಮುಗಳು ಬಡಿದುಕೊಳ್ಳುತ್ತಿರುತ್ತವೆ. ಪೇಟೆಗೆ ಹೋದರೆ ಬೇಕಾದಷ್ಟು ಲೇಸು ಮೀಟರ್ ಲೆಕ್ಕದಲ್ಲಿ ಹರಿದು ಕೊಡುತ್ತಾರೆ. ಹಾಗಿರುವಾಗ ಜಮಖಂಡಿಯ ಶಾಲೆಯಲ್ಲಿ ಪಾಠ ಹೇಳಿ ಬಸ್ಸಿನಲ್ಲಿ ನೇತಾಡಿ ಬಂದ ಹೆಂಗಸೊಬ್ಬಳು, ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿಕೊಂಡು ಬೆರಳುದ್ದದ ಪಟ್ಟಿಗಾಗಿ ಇಡೀ ಸಂಜೆ ಕೂರುವುದು ಯಾರ ತಲೆಗೂ ಹೋಗುವ ಮಾತಲ್ಲ. ಮುಂದಿನ ಪಡಸಾಲೆಯಲ್ಲಿ ಮಗ್ಗ ನಡೆಸುವ ನನ್ನ ತಮ್ಮನಂತೂ, "ಅಕ್ಕಾ, ನಿನಗ ಮಾಡಾಕ ಬ್ಯಾರೆ ಉದ್ಯೋಗ ಇಲ್ಲೇನು?" ಎಂದು ಕೇಳುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಫೋನಿನಲ್ಲಿ ಯಾವುದೋ ದೇಶದ ಮುದುಕಿಯೊಬ್ಬಳು ಮಾಡುವುದನ್ನು ನೋಡಿ ಹಟಕ್ಕೆ ಬಿದ್ದು ಕಲಿತದ್ದು ಅದು. ದಿಂಬಿನೊಳಗೆ ತಮ್ಮನ ಮಗ್ಗದ ಕೆಳಗೆ ಬಿದ್ದ ನೂಲಿನ ಕಸ ತುಂಬಿದೆ. ಎಳೆಗಳನ್ನು ಸುತ್ತಿಟ್ಟುಕೊಳ್ಳಲು ಕಡ್ಡಿಗಳು ಬೇಕಾಗಿದ್ದವು. ಅಟ್ಟ ಹತ್ತಿದರೆ ಅಪ್ಪನ ಕುಣಿಮಗ್ಗದ ಕಂಡಿಕೆಗಳು ಸಿಕ್ಕವು, ನೂಲು ಸುತ್ತಿ ಲಾಳಿಯೊಳಗೆ ಕೂರಿಸುವ ಸಣ್ಣ ಕಟ್ಟಿಗೆಯವು. ಅಪ್ಪ ಹೋದ ಮೇಲೆ ಮಗ್ಗ ಬಿಚ್ಚಿ, ಕುಣಿ ಮುಚ್ಚಿ, ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿದ್ದರು. ಕಂಡಿಕೆಗಳನ್ನು ಎಸೆಯಲು ಮಾತ್ರ ಯಾರಿಗೂ ಮನಸ್ಸಾಗಿರಲಿಲ್ಲ.

ಕೆಲಸವೇನೋ ನೋಡಲು ಸರಳ. ಎಳೆಗಳ ತುದಿ ದಿಂಬಿಗೆ ಚುಚ್ಚಿರುತ್ತದೆ, ಇನ್ನೊಂದು ತುದಿಗೆ ಕಂಡಿಕೆ ಜೋತಾಡುತ್ತಿರುತ್ತದೆ. ಒಮ್ಮೆಗೆ ನಾಲ್ಕು ಕಂಡಿಕೆ ಹಿಡಿದು, ನಡುವಿನವನ್ನು ಒಂದರ ಮೇಲೊಂದು ದಾಟಿಸಬೇಕು, ಅಂಚಿನವನ್ನು ಹೊರಳಿಸಬೇಕು, ಸೂಜಿ ಚುಚ್ಚಬೇಕು. ಮುಗಿಯಿತು. ಆಮೇಲೆ ಅದನ್ನೇ ಕಣ್ಣು ಉರಿಯುವವರೆಗೆ ಮಾಡಬೇಕು.

ಹಾಗೆ ಹವ್ಯಾಸಕ್ಕೆಂದು ಶುರುವಾದದ್ದು ಅವ್ವನಿಗೆ ಮರೆವು ಬಂದ ಮೇಲೆ ಹವ್ಯಾಸವಾಗಿ ಉಳಿಯಲಿಲ್ಲ.

ಮೊದಮೊದಲು ಅವ್ವ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಆಮೇಲೆ ಚೀಲ ಹಿಡಿದು ಬಾಗಿಲಿಗೆ ಬಂದು, ಅನಗವಾಡಿಯ ತವರಿಗೆ ಹೋಗುತ್ತೇನೆ, ಬಸ್ಸು ಎಷ್ಟೊತ್ತಿಗೆ ಎಂದು ಕೇಳತೊಡಗಿದಳು. ಒಂದು ದಿನ ನನ್ನ ತಮ್ಮನನ್ನು ತನ್ನ ಮಾವನೆಂದೇ ತಿಳಿದು ಸೆರಗು ತಲೆಗೆ ಎಳೆದುಕೊಂಡಳು. ಬಂದವರೆಲ್ಲ ಚಹಾ ಕುಡಿಯುತ್ತ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಅವರ ಕೈಯಿಂದ ಕಪ್ಪು ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು ನನಗೆ.

ಜಮಖಂಡಿಯ ಡಾಕ್ಟರು, "ಅವರ ಕೈಗೆ ಗೊತ್ತಿರೋ ಕೆಲಸ ಏನರ ಕೊಡ್ರಿ" ಎಂದರು. ವಾಸಿಯಾಗುತ್ತದೆ ಎಂದು ಹೇಳಲಿಲ್ಲ. ಕೈ ಆಡುತ್ತಿರುವವರೆಗೆ ಅವ್ವ ನನ್ನನ್ನು ಗುರುತಿಸುತ್ತಾಳೆ ಎಂದು ನಾನೇ ನನಗೆ ಹೇಳಿಕೊಂಡೆ. ಅಷ್ಟು ಸಾಕಾಗಿತ್ತು ನನಗೆ. ಬೇರೆಲ್ಲ ಮರೆತರೂ ಸರಿ, ನಾನು ಮಗಳು ಎನ್ನುವುದೊಂದು ಉಳಿಯಲಿ.

ಅವ್ವನ ಕೈಗೆ ಗೊತ್ತಿದ್ದ ಕೆಲಸ ಕೆಚ್ಚುವುದು. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಗಳ ಗೊಂಡೆ ಜೋತು ಬಿದ್ದಿರುತ್ತದೆ. ಒಂದೊಂದು ಹಳೆಯ ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ. ಅಪ್ಪನ ಮಗ್ಗದ್ದು ಮುಗಿಸಿ ಅವ್ವ ಓಣಿಯ ಬೇರೆ ಮನೆಗಳಿಗೂ ಕೆಚ್ಚಲು ಹೋಗುತ್ತಿದ್ದಳು. ಆಗ ಚಿಕ್ಕವಳಾಗಿದ್ದ ನಾನು ಶಾಲೆ ಬಿಟ್ಟು ಬರುವಷ್ಟರಲ್ಲಿ ಮಾತ್ರ ಎಲ್ಲಿದ್ದರೂ ಎದ್ದು ಮನೆಗೆ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಪವರ್‌ಲೂಮಿನ ಹತ್ತಿರ ಅವ್ವನನ್ನು ಬಿಡುವ ಹಾಗಿರಲಿಲ್ಲ. ಒಮ್ಮೆ ನಡೆಯುತ್ತಿರುವ ಮಗ್ಗಕ್ಕೇ ಕೈ ಹಾಕಲು ಹೋಗಿದ್ದಳು. ಹಾಗಾಗಿ ಒಳಮನೆಯಲ್ಲಿ ಲೇಸಿನ ದಿಂಬು ತಂದು ಅವಳ ಮುಂದಿಟ್ಟೆ.

ಅವ್ವ ಒಂದು ಕಂಡಿಕೆ ಎತ್ತಿ ತಿರುಗಿಸಿ ನೋಡಿದಳು. "ಎಲ್ಲಾ ಬಿಟ್ಟು ಕಂಡಿಕಿ ಯಾಕ ಜೋತು ಬಿಟ್ಟೀಯಲೇ? ಲಾಳಿ ಎಲ್ಲೈತಿ?"

"ಲಾಳಿ ಇಲ್ಲಬೇ ಯವ್ವಾ. ಹಿಂಗ ಹೆಣಿಯೂದು."

"ಹೆಳ್ಳು ಹಾಕಿದಂಗ ಐತಲ್ಲ," ಎಂದಳು. ಜಡೆ ಹೆಣೆಯುವುದನ್ನು ಬೆರಳು ಮರೆತಿರಲಿಲ್ಲ. ದಾಟಿಸಿದಳು, ಹೊರಳಿಸಿದಳು. ಸೂಜಿ ನಾನು ಚುಚ್ಚಿದೆ.

ಕೆಲವು ತಿಂಗಳು ಹಾಗೇ ನಡೆಯಿತು. ಸಂಜೆ ಎದುರುಬದುರು ಕೂತು ಅವ್ವನ ಕುಬಸದ ತೋಳಿಗೆ ಬಿಳಿ ಲೇಸು ಹೆಣೆದೆವು. ಖಣದ ಕುಬಸಕ್ಕೆ ಲೇಸು ಹಚ್ಚಿಕೊಂಡು ಮೆರೆಯಲು ತಾನೇನು ಮದುಮಗಳೇ ಎಂದು ಅವ್ವ ಬೈಯುತ್ತಿದ್ದಳು. ಬೈದರೆ ನನಗೆ ಹಬ್ಬ. ಬೈಯುವಾಗ ಅವಳು ನನ್ನ ಹೆಸರು ಹಿಡಿದೇ ಬೈಯುತ್ತಿದ್ದಳು. ಒಂದು ತೋಳಿನದು ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಿತ್ತು.

ಪರೀಕ್ಷೆಯ ದಿನಗಳು, ನನಗೆ ದಿಂಬಿನ ಮುಂದೆ ಕೂರಲು ಬಿಡುವಿರಲಿಲ್ಲ. ಆವತ್ತು ಮನೆಗೆ ಬಂದಾಗ ನನ್ನ ತಮ್ಮ ಮಗ್ಗ ನಿಲ್ಲಿಸಿ ಒಳಮನೆಯ ಬಾಗಿಲಲ್ಲಿ ನಿಂತಿದ್ದ. ಅವ್ವ ದಿಂಬಿನ ಮುಂದೆ ಕೂತಿದ್ದಳು. ಕಂಡಿಕೆಗಳನ್ನೆಲ್ಲ ಕತ್ತರಿಸಿ ತೆಗೆದು ಬುಟ್ಟಿಯಲ್ಲಿ ಓರಣವಾಗಿ ಇಟ್ಟಿದ್ದಳು. ಲೇಸಿನಿಂದ ಇಳಿಬಿದ್ದ ಬಿಳಿ ಎಳೆಗಳ ತುದಿಗೆ ಒಂದೂ ಬಿಡದೆ ಕೆಂಪು ನೂಲು ಕೂಡಿಸಿದ್ದಳು. ಪಕ್ಕದಲ್ಲಿ ದೇವರ ಜಗಲಿಯಿಂದ ತಂದ ವಿಭೂತಿಯ ಗಟ್ಟಿ. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ತರಬೇಕು ಪಾಪ.

"ನೂಲು ಕೇಳಿದಳು, ಕೊಟ್ಟೆ ಅಕ್ಕಾ," ಎಂದ ತಮ್ಮ. "ನಿನ್ನ ಕೆಲಸಕ್ಕನ ಅಂದ್ಕೊಂಡೆ."

ಅವ್ವನಿಗೆ ಅದು ಲೇಸಿನ ಪಟ್ಟಿಯಾಗಿ ಕಂಡಿರಲಿಲ್ಲ. ಕಂಡದ್ದು ನೇಯ್ದು ಮುಗಿದ ಹಾಸು, ಜೋತು ಬಿದ್ದ ಗೊಂಡೆ. ನೇಕಾರರ ಮನೆಯಲ್ಲಿ ಹಾಗೆ ಎಳೆ ಜೋತು ಬಿದ್ದರೆ ಕೆಚ್ಚುವುದೊಂದೇ ಕೆಲಸ. ಒಂದು ಎಳೆ ಹಿಡಿದು ಜಗ್ಗಿ ನೋಡಿದೆ. ಬಿಡಲಿಲ್ಲ. ಇನ್ನೊಂದು ಜಗ್ಗಿದೆ, ಅದೂ ಬಿಡಲಿಲ್ಲ. ಕೈ ಏನೂ ಮರೆತಿರಲಿಲ್ಲ. ಕೈ ಆಡುತ್ತಿದ್ದರೆ ಸಾಕು ಎಂದು ಇಷ್ಟು ದಿನ ನಾನು ಕಟ್ಟಿಕೊಂಡಿದ್ದೆಲ್ಲ ಅಲ್ಲೇ ಕುಸಿಯಿತು. ಕೈ ತನ್ನ ಪಾಡಿಗೆ ತಾನು ಬದುಕಿತ್ತು, ಅವ್ವ ಅದರ ಜೊತೆಗಿರಲಿಲ್ಲ.

ಅವ್ವ ಕೈಯ ವಿಭೂತಿ ಜಾಡಿಸಿ ನನ್ನ ಮುಖ ನೋಡಿದಳು. ಬಹಳ ಮರ್ಯಾದೆಯಿಂದ, "ಎಲ್ಲಾ ಕೆಚ್ಚೇನ್ರಿ," ಎಂದಳು. "ಮಗ್ಗದಾವ್ರಿಗೆ ಹೇಳ್ರಿ. ನಾ ಇನ್ನ ಹೊಕ್ಕೇನ್ರಿ. ನನ್ನ ಮಗಳು ಸಾಲಿ ಬಿಟ್ಟು ಬರೂ ಹೊತ್ತಾತು."

ಅವ್ವ ನನಗೆ ರೀ ಅಂದದ್ದು ಅದೇ ಮೊದಲು. "ಯವ್ವಾ, ಬಂದೀನಿ, ನಾನಬೇ," ಎಂದು ಕೈ ಹಿಡಿದೆ. ಅವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಪರರ ಮನೆಯ ಹೆಂಗಸು ಸುಮ್ಮನೆ ತಡೆದು ನಿಲ್ಲಿಸುತ್ತಿದ್ದಾಳೆ ಎಂಬ ಸಂಕೋಚ ಅವಳ ಮುಖದಲ್ಲಿತ್ತು. ಪಡಸಾಲೆ ದಾಟಿ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಓಣಿಯ ತಿರುವಿನಲ್ಲಿ ಯೂನಿಫಾರ್ಮಿನ ಹುಡುಗಿಯರು ಕಂಡಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದಳು.

ಆ ಕೆಂಪು ಎಳೆಗಳನ್ನು ಕತ್ತರಿಸಿ ಮತ್ತೆ ಕಂಡಿಕೆಗೆ ಸುತ್ತಬಹುದಿತ್ತು. ನಾನು ಸುತ್ತಲಿಲ್ಲ. ದಿಂಬಿಗೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಏರಿಸಿದೆ. ಕುಬಸದ ಒಂದು ತೋಳಿಗೆ ಲೇಸಿದೆ, ಇನ್ನೊಂದು ಬೋಳು. ಅವ್ವ ಅದನ್ನೇ ತೊಟ್ಟುಕೊಂಡು ದಿನಾ ಸಂಜೆ ಕಟ್ಟೆಯ ಮೇಲೆ ಕೂರುತ್ತಾಳೆ. ನಾನು ಬಸ್ಸಿಳಿದು ಬರುವಾಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ, ಆಮೇಲೆ ಮತ್ತೆ ಓಣಿಯ ತಿರುವಿನ ಕಡೆ ನೋಡುತ್ತಾಳೆ. ಅವ್ವನ ಮಗಳು ಇನ್ನೂ ಶಾಲೆಯಿಂದ ಬಂದಿಲ್ಲ.