ಸೋಮವಾರದ ಮೀನು

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಬಂದು, ಬಸ್‌ಸ್ಟ್ಯಾಂಡಿನ ಪಕ್ಕದ ಮಿಲಿಟರಿ ಹೋಟೆಲಿನಲ್ಲಿ ಕೂತಿದ್ದೇನೆ. ಒಲೆಯ ಮೇಲೆ ದೊಡ್ಡ ಕಾವಲಿ, ಅದರಲ್ಲಿ ಕೆರೆ ಮೀನಿನ ದಪ್ಪ ತುಂಡುಗಳು. ಇವತ್ತು ಸೋಮವಾರ, ಅಡುಗೆಯ ಪುಟ್ಟಮ್ಮ ಮೀನು ಬಾಯಿಗಿಡುವುದಿಲ್ಲ. ಬೆಂದಿದೆಯೋ ಇಲ್ಲವೋ ಹೇಳುವುದು ಮೊದಲು ಬಂದ ಗಿರಾಕಿಯ ಕೆಲಸವಂತೆ. ಇವತ್ತು ನನಗಿಂತ ಮೊದಲು ಬಂದವನು ದೇವಸ್ಥಾನ ನೋಡಲು ಬಂದಿರುವ ಜಪಾನಿನ ತರುಣ.

ಅವನು ಒಂದು ತುಂಡು ತಿಂದು, ಕಣ್ಣು ಮುಚ್ಚಿ, ಭೇಷ್ ಎನ್ನುವಂತೆ ತಲೆಯಾಡಿಸಿದ. ಪುಟ್ಟಮ್ಮ ಕಾವಲಿ ಇಳಿಸಿ ನನಗೂ ಬಡಿಸಿದಳು. ಮೇಲೆ ಮಸಾಲೆ ಕೆಂಪಗಾಗಿತ್ತು, ಒಳಗೆ ಮೀನು ಹಸಿ ಹಸಿ.

“ಇದು ಬೆಂದಿಲ್ಲಮ್ಮ.”

“ಅವ್ರು ಚೆನ್ನಾಗೈತೆ ಅಂದ್ರಲ್ಲ ಸ್ವಾಮಿ!”

“ಅವರ ದೇಶದಲ್ಲಿ ಮೀನನ್ನ ಹಸಿಯಾಗೇ ತಿಂತಾರೆ.”

“ಒಲೆನೇ ಹಚ್ಚಾಕಿಲ್ವಾ?” ಎಂದು ಅವಳು ಅವನನ್ನೇ ನೋಡಿದಳು. ಅವನು ನಕ್ಕು ಇನ್ನೊಂದು ತುಂಡಿಗೆ ಕೈ ತೋರಿಸಿದ.

ರುಚಿ ನೋಡುವ ಅಧಿಕಾರ ನನ್ನ ಪಾಲಿಗೆ ಬಂತು. ನನಗೋ ಮೀನಿನ ಮುಳ್ಳೂ ಕಟುಂ ಎನ್ನಬೇಕು. ಇನ್ನೂ ಬೇಯಲಿ, ಇನ್ನೂ ಬೇಯಲಿ ಎನ್ನುತ್ತಲೇ ಇದ್ದೆ. ಹೊಗೆ ಎದ್ದು ಮೀನು ಕಪ್ಪಾಯಿತು. ನಾನು ಸಂತೋಷದಿಂದ ತಿಂದೆ. ಪುಟ್ಟಮ್ಮ ಕಾವಲಿ ಕೆರೆದು, ಹೊಸ ತುಂಡುಗಳನ್ನು ಹಾಕಿದಳು.

ಅಷ್ಟರಲ್ಲಿ ಬೇಲೂರು ಬಸ್ಸಿನ ಡ್ರೈವರ್ ಒಳಗೆ ಬಂದ. ಅವಳು ಒಂದು ತುಂಡು ಹಿಡಿದು, ನಮ್ಮಿಬ್ಬರನ್ನೂ ದಾಟಿ ಅವನ ಹತ್ತಿರ ಹೋದಳು.

“ನೀವು ನೋಡಿ ಹೇಳಿ ಅಣ್ಣಾ. ಇಲ್ಲಿ ಒಬ್ರಿಗೆ ಒಲೆನೇ ಬ್ಯಾಡ, ಇನ್ನೊಬ್ರಿಗೆ ಇದ್ದಿಲೇ ಆಗ್ಬೇಕು.”