ಮಲ್ಲವ್ವನ ಸಾಲು

ನಿನ್ನೆ ಹುಕ್ಕೇರಿಯ ನಮ್ಮ ಬಾಡಿಗೆ ಮನೆಯ ಕಪಾಟು ಒರೆಸುವಾಗ ಹಳೆಯ ಪರೀಕ್ಷೆ ರಟ್ಟೊಂದು ಸಿಕ್ಕಿತು. ಕ್ಲಿಪ್ಪಿನ ಪಕ್ಕದಲ್ಲಿ ಹೆಬ್ಬೆರಳಿನ ಮಣ್ಣಿನ ಗುರುತು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ಒರೆಸಲಿಲ್ಲ.

ಆ ಬೆರಳು ಮಸಗುಪ್ಪಿಯ ಮಲ್ಲವ್ವನದು. ಹಾಗಂದುಕೊಂಡಿದ್ದೇನೆ, ನನ್ನದೇ ಇದ್ದರೂ ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನೀವೂ ನಂಬಬೇಡಿ.

ಎಂ.ಎ. ಮುಗಿಸಿ ಸುಮ್ಮನೆ ಕೂತಿದ್ದ ದಿನಗಳಲ್ಲಿ, ಹೊಲದ ಕೂಲಿ ಹೆಂಗಸರ ಕೆಲಸ ಎಂಥದ್ದು ಎಂದು ತಿಳಿಯುವ ಸಮೀಕ್ಷೆಯೊಂದಕ್ಕೆ ಸೇರಿದ್ದೆ. ಗೋಕಾಕದಲ್ಲಿ ಕೋಣೆ, ಅಲ್ಲಿಂದ ಮೂಡಲಗಿ ಕಡೆಯ ಹಳ್ಳಿಗಳಿಗೆ ದಿನಾ ಬಸ್ಸು. ಪ್ರಶ್ನೆಗಳು ಬಲು ಸಭ್ಯವಾಗಿದ್ದವು: ಕೆಲಸದಲ್ಲಿ ಗೌರವ ಇದೆಯೇ, ವಿಶ್ರಾಂತಿ ಸಿಗುತ್ತದೆಯೇ, ನಾಳೆಯೂ ಕೆಲಸ ಇರುವ ಭರವಸೆ ಇದೆಯೇ. ಈ ಮೂರರಲ್ಲಿ ಒಂದೂ ನನಗೇ ಇರಲಿಲ್ಲವಾದ್ದರಿಂದ ಬಹಳ ಶ್ರದ್ಧೆಯಿಂದ ಕೇಳುತ್ತಿದ್ದೆ.

ಮಸಗುಪ್ಪಿಯ ಅರಿಷಿಣದ ಹೊಲದಲ್ಲಿ ಒಂಬತ್ತು ಹೆಂಗಸರು ಕುರಪಿ ಹಿಡಿದು ಕಸ ತೆಗೆಯುತ್ತಿದ್ದರು. ಗುತ್ತಿಗೆ ಕೆಲಸ, ಇಡೀ ಹೊಲಕ್ಕೆ ಇಷ್ಟು ಕೂಲಿ ಎಂದು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಎಲ್ಲರೂ ಒಟ್ಟಿಗೇ ಮುಂದೆ ಸರಿಯಬೇಕು. ಯಾರನ್ನು ಮಾತಾಡಿಸಲಿ ಎಂದಾಗ ಗುಂಪಿನ ಹಿರಿಯಳಾದ ಬಾಳವ್ವ, "ಮಲ್ಲವ್ವನ್ನ ಕೇಳ್ರಿ ಅಕ್ಕಾರ. ಆಕಿ ಬಾಯಿ ಕುರಪಿಗಿಂತ ಚುರುಕ ಐತಿ," ಎಂದಳು. ಎಲ್ಲರೂ ನಕ್ಕರು.

ಮಲ್ಲವ್ವ ಬದುವಿನ ಮೇಲೆ ಕಾಲು ಚಾಚಿ ಕೂತು, ನನ್ನ ರಟ್ಟಿನ ಮೇಲಿನ ಹಾಳೆ ಗಾಳಿಗೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಇದನ್ನ ಕೇಳಾಕ ನಿಮಗ ಪಗಾರ ಕೊಡ್ತಾರೇನ್ರಿ?"

"ಹೌದು."

"ಚಲೋ ಕೆಲಸ ಬಿಡ್ರಿ. ಬಗ್ಗೂದಿಲ್ಲ, ಏಳೂದಿಲ್ಲ."

ಐದು ನಿಮಿಷ ಎಂದದ್ದು ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಅಕ್ಕಪಕ್ಕದವರು ಅವಳ ಸಾಲನ್ನೂ ಸೇರಿಸಿ ತೆಗೆಯುತ್ತ ಹೋದದ್ದನ್ನು ನೋಡಿದೆ. ಹಾಳೆಯ ಅಂಚಿನಲ್ಲಿ 'ಒಗ್ಗಟ್ಟು' ಎಂದು ಬರೆದುಕೊಂಡೆ.

ಹದಿನೈದು ದಿನಗಳ ನಂತರ ಎರಡನೆಯ ಸುತ್ತು. ನಡು ಮಧ್ಯಾಹ್ನ ಮಲ್ಲವ್ವ ಮನೆಯ ಕಟ್ಟೆಯ ಮೇಲಿದ್ದಳು. ಕಳೆದ ವಾರ ಎಷ್ಟು ದಿನ ಕೆಲಸಕ್ಕೆ ಹೋಗಿದ್ದಿರಿ ಎಂದು ಕೇಳಿದೆ.

"ಒಂದ ದಿನಾನೂ ಇಲ್ರಿ. ಮೊಣಕಾಲಿಗೆ ಸೂಟಿ ಕೊಟ್ಟೇನಿ."

ಅವಳು ನಕ್ಕಳು, ನಾನೂ ನಕ್ಕೆ. 'ಕೆಲಸಕ್ಕೆ ಹೋಗದ ಕಾರಣ'ದ ಎದುರು 'ಸ್ವಂತ ಇಚ್ಛೆ'ಗೆ ಗುರುತು ಹಾಕಿದೆ.

ಇನ್ನೆರಡು ಮನೆ ಮುಗಿಸಿ ಐದರ ಬಸ್ಸಿಗೆ ನಿಂತಾಗ, ಹೊಲದಿಂದ ಬರುತ್ತಿದ್ದ ಬಾಳವ್ವ ಸಿಕ್ಕಳು. ಮಲ್ಲವ್ವ ಕೆಲಸ ಬಿಟ್ಟರಂತಲ್ಲ ಎಂದೆ.

"ಆಕಿ ಬಿಟ್ಟಿಲ್ರಿ. ಮುಂಜಾನಿ ಆಕಿ ಬಾಗಲಾಗ ನಿಂತು ಕರಿಯೂದು ನಾವ ಬಿಟ್ಟೇವಿ. ಮೊಣಕಾಲ ಬ್ಯಾನಿ, ಹಿಂದ ಬೀಳ್ತಿದ್ಲು, ಹೆಂಗೋ ಸಂಬಾಳಿಸಿಕೊಂಡು ಹೊಂಟಿದ್ವಿ. ಅವತ್ತ ನೀವು ಕುಂದ್ರಿಸಿಕೊಂಡಾಗ ಆಕಿ ಸಾಲ ಪೂರಾ ನಾವ ತಗದ್ವಿ. ಆಕಿ ಇಲ್ಲದನೂ ಆಗ್ತೈತಿ ಅಂತ ಎಲ್ಲಾರಿಗೂ ಗೊತ್ತಾತು."

"ನಾಳೆ ಕರೆಯಬಹುದಲ್ಲ?"

"ಆಕಿ ಸಾಲಿನಾಗ ಈಗ ಬ್ಯಾರೇದಾಕಿ ಅದಾಳ್ರಿ. ಆಕೀನ್ನ ಹೆಂಗ ಬಿಡಸೂದು?" ಕುರಪಿಯ ಮಣ್ಣು ಒರೆಸುತ್ತ ಹೇಳಿದಳು: "ನಿಮಗ ಏನ ಅನ್ನೂದೈತ್ರಿ? ಆಕೀನ್ನ ತೋರಿಸಿದಾಕಿ ನಾನ."

ನಾನು ಮಲ್ಲವ್ವನ ಮನೆಗೆ ಹಿಂತಿರುಗಿದೆ. ಪಕ್ಕದಲ್ಲಿ ಕೂತು, ತಪ್ಪಾಯಿತು ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಆ ಒರಟು ಅಂಗೈ ನನಗೆ ಸ್ಪಷ್ಟವಾಗಿ ನೆನಪಿದೆ. ಎಷ್ಟೋ ಜನರಿಗೆ ಇದನ್ನು ಹೇಳಿದ್ದೇನೆ.

ನಿನ್ನೆ ರಟ್ಟಿನ ಕೆಳಗೆ ಆ ವರ್ಷದ ದಿನಚರಿಯೂ ಇತ್ತು. ಅಂದಿನ ಪುಟ: "ಮಸಗುಪ್ಪಿ ಮುಗಿಯಿತು. ಬಾಳವ್ವನ ಮಾತಿನಿಂದ ಬೇಸರ. ಐದರ ಬಸ್ಸು ಸಿಕ್ಕಿತು. ಗೋಕಾಕದಲ್ಲಿ ಕರದಂಟು ತೆಗೆದುಕೊಂಡೆ." ಅಷ್ಟೇ. ಹಿಂತಿರುಗಿ ಹೋಗಿದ್ದರೆ ಐದರ ಬಸ್ಸು ಸಿಗುತ್ತಿರಲಿಲ್ಲ. 'ಸ್ವಂತ ಇಚ್ಛೆ'ಯ ಎದುರಿನ ಗುರುತನ್ನು ಅಳಿಸಿದೆನೆಂದೂ ಎಲ್ಲೂ ಬರೆದಿಲ್ಲ.

ಈಗ ಇಂಥದ್ದೇ ಸಮೀಕ್ಷೆಗೆ ಬರುವ ಹೊಸಬರಿಗೆ ನಾನು ತರಬೇತಿ ಕೊಡುತ್ತೇನೆ. ಕೆಲಸದ ಹೊತ್ತಿನಲ್ಲಿ ಹೊಲಕ್ಕೆ ಹೋಗಬೇಡಿ, ಸಂಜೆ ಮನೆಗೆ ಹೋಗಿ ಎಂದು ಇಂದು ಹೇಳಿದೆ.

"ಸಂಜೀಕ ಅವರು ರೊಟ್ಟಿ ಬಡಿಯೂ ಹೊತ್ತಲ್ರಿ ಮ್ಯಾಡಮ್?" ಎಂದಳು ಒಬ್ಬಳು.

ಉತ್ತರದ ಬದಲು ಪ್ರತಿ ಸಲ ಹೇಳುವ ಮಲ್ಲವ್ವನ ಕತೆಯನ್ನೇ ಹೇಳತೊಡಗಿದೆ. ಅವಳು ಕೈ ಹಿಡಿದುಕೊಳ್ಳುವ ಜಾಗ ಬಂತು. ಹುಡುಗಿಯರು ಕಾಯುತ್ತಿದ್ದರು.

"ಆಮೇಲೆ ನಾನು ಬಸ್ಸು ಹತ್ತಿದೆ," ಎಂದೆ.