ಅಂಗಳವೇ ಡೊಂಕಿದ್ದ ಬೆಳಿಗ್ಗೆ

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಕೂಡದು. ರಾತ್ರಿಗೆ ಎಂತ ಅಡುಗೆ ಎಂದು ಮಗ ಆಫೀಸಿನಿಂದ ಎಬಿಸಿಡಿಯಲ್ಲಿ ಮೆಸೇಜು ಹಾಕಿದರೆ ನಾನು ಉತ್ತರ ಕೊಡುವುದಿಲ್ಲ. ಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿಕೊಳ್ಳಲಿ. ಮುಂಬೈ ಪಕ್ಕದ ಈ ಠಾಣೆ ಊರಲ್ಲೇ ಹುಟ್ಟಿ ಬೆಳೆದವನು, ಬಾಯಲ್ಲಿ ಅರ್ಧ ಮರಾಠಿ, ಅರ್ಧ ಹಿಂದಿ. ಕೈಯಲ್ಲಾದರೂ ಕನ್ನಡ ಉಳಿಯಲಿ ಎಂಬುದು ನನ್ನ ಹಟ. ಈ ಹಟದಿಂದ ನಮ್ಮ ಸೊಸೆಯ ನೌಕರಿಯೇ ಹೋಗುವುದರಲ್ಲಿತ್ತು ಎಂದು ಮಗ ಈಗಲೂ ಹೇಳುತ್ತಾನೆ. ಹೋಗಲಿಲ್ಲವಲ್ಲ! ಹೇಗೆ ಹೋಗಲಿಲ್ಲ ಎಂಬುದನ್ನು ಅವನು ಹೇಳುವುದಿಲ್ಲ, ನಾನು ಹೇಳುತ್ತೇನೆ.

ಮದುವೆಗೆ ಮೊದಲು ಉಡುಪಿಯಲ್ಲಿ ಕನ್ನಡ ಟೈಪಿಂಗ್ ಕಲಿತವಳು ನಾನು. ಇಲ್ಲಿ ಠಾಣೆಯ ವರ್ತಕ ನಗರಕ್ಕೆ ಬಂದ ಮೇಲೆ ನಮ್ಮ ಕನ್ನಡ ಸಂಘದ ಆಮಂತ್ರಣ, ಯಕ್ಷಗಾನದ ಕರಪತ್ರ, ಅರಸಿನ ಕುಂಕುಮದ ಕರೆಯೋಲೆ ಎಲ್ಲ ನನ್ನ ಕೈಯಿಂದಲೇ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ನನ್ನ ಪದ್ಧತಿ ಬದಲಾಗಲಿಲ್ಲ. ಕ ಬೇಕಾದರೆ ಕ ಕೂತಿರುವ ಕೀಲಿಯನ್ನೇ ಒತ್ತಬೇಕು. ಒಂದು ಕೀಲಿಗೆ ಒಂದು ಅಕ್ಷರ. ಸಂಘದ ಹುಡುಗಿಯರು ಹಾಗಲ್ಲ, ಇಂಗ್ಲಿಷಿನಲ್ಲಿ ಕೆ ಒತ್ತಿ, ಎ ಒತ್ತಿ, ಕಂಪ್ಯೂಟರು ಅದನ್ನು ಕ ಮಾಡಲಿ ಎಂದು ಕಾಯುತ್ತಾರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸೊಸೆ ವಿಜಯಪುರದ ಕಡೆಯವಳು. ಅವಳ ಅಪ್ಪ ಇಲ್ಲಿ ನವಿ ಮುಂಬೈಗೆ ಬಂದು ತುರ್ಭೆಯ ಗೋದಾಮುಗಳಲ್ಲಿ ಮೂಟೆ ಹೊತ್ತು ಮಗಳನ್ನು ಓದಿಸಿದರು. ಕಾಲೇಜು ಮುಗಿದ ಮೇಲೆ ಅವಳು ತುರ್ಭೆಯಿಂದ ಡೊಂಬಿವಲಿಗೆ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಹೋಗಿ ಜಪಾನಿ ಕಲಿತಳು. ಮದುವೆಯ ಮಾತುಕತೆಯ ದಿನ ನಮ್ಮ ನೆಂಟರೊಬ್ಬರು, ಜಪಾನಿ ಬಂದರೇನು, ಮೀನು ಕತ್ತರಿಸಲು ಬರುತ್ತದೋ ಎಂದು ಕೇಳಿದ್ದರು. ಮೀನು ಅವಳು ಕಲಿತಾಳು, ಜಪಾನಿ ನೀವು ಕಲಿಯಿರಿ ನೋಡುವ ಎಂದೆ. ಆಮೇಲೆ ಅವರು ನಮ್ಮ ಮನೆಗೆ ಊಟಕ್ಕೆ ಬಂದಿಲ್ಲ. ನನಗೇನೂ ನಷ್ಟವಿಲ್ಲ.

ಮಗು ಹುಟ್ಟಿದಾಗ ಅವಳು ಮಾಡುತ್ತಿದ್ದ ಜಪಾನಿ ಅನುವಾದದ ಕೆಲಸ ಬಿಟ್ಟಳು. ಮಗು ನಡೆದಾಡುವಷ್ಟಾದ ಮೇಲೆ ಮತ್ತೆ ಹುಡುಕತೊಡಗಿದಳು. ಅಷ್ಟರಲ್ಲಿ ಊರೆಲ್ಲ ಬದಲಾಗಿತ್ತು. ನಡುವೆ ಯಾಕೆ ಬಿಟ್ಟಿರಿ, ಇಷ್ಟು ದಿನ ಏನು ಮಾಡಿದಿರಿ ಎಂದೇ ಎಲ್ಲರ ಪ್ರಶ್ನೆ. ಕಡೆಗೆ ಘಣಸೋಲಿಯ ಒಂದು ಕಂಪನಿ ಅವಳನ್ನು ಅನುವಾದದ ಪರೀಕ್ಷೆಗೆ ಕರೆಯಿತು. ಮನೆಯಲ್ಲೇ ಕೂತು, ಕ್ಯಾಮೆರಾ ಎದುರಿಗೆ, ಕಂಪ್ಯೂಟರಿನಲ್ಲೇ ಟೈಪ್ ಮಾಡಬೇಕು. ಮೊಬೈಲಿನಲ್ಲಿ ಬರೆಯುವ ಹಾಗಿಲ್ಲ. ಹನ್ನೊಂದು ಗಂಟೆಗೆ ಶುರು, ತಡವಾದರೆ ಬಾಗಿಲು ಮುಚ್ಚಿದಂತೆ. ಅವಳಿಗೆ ನೌಕರಿಯ ಚಿಂತೆಗಿಂತ ದೊಡ್ಡದೊಂದು ಹೆದರಿಕೆಯಿತ್ತು. ಮಗುವಿನ ಹಿಂದೆ ಓಡುತ್ತ ಕಲಿತದ್ದೆಲ್ಲ ಮರೆತುಹೋಗಿದ್ದರೆ? ಅದಕ್ಕೇ ದಿನವೂ ಕೈಯಲ್ಲಿ ಬರೆದು ಬರೆದು ಅಭ್ಯಾಸ ಮಾಡುತ್ತಿದ್ದಳು.

ನಮ್ಮ ಹಳೆಯ ಕಂಪ್ಯೂಟರು ಕೆಟ್ಟು ಮಗ ಹೊಸದು ತಂದಿದ್ದ. ಪರೀಕ್ಷೆಯ ಹಿಂದಿನ ದಿನ ಅದರಲ್ಲಿ ನನ್ನ ಕನ್ನಡ, ಅವಳ ಜಪಾನಿ ಎರಡನ್ನೂ ಹಾಕಿಕೊಟ್ಟು, ಎಲ್ಲ ಫಸ್ಟ್‌ಕ್ಲಾಸ್ ಎಂದು ಬೆನ್ನು ತಟ್ಟಿಕೊಂಡಿದ್ದ. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ. ಮಗುವನ್ನು ಅದರ ಅಜ್ಜ ಕೆಳಗೆ ಗಾರ್ಡನ್ನಿಗೆ ಕರೆದುಕೊಂಡು ಹೋದರು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಒಳಗಿನ ಕೋಣೆಯಿಂದ ಕೀಲಿಗಳ ಸದ್ದು ಬರುತ್ತಿತ್ತು. ಸದ್ದು ನಿಂತಿತು. ಆಮೇಲೆ ಯಾರೋ ಸಿಟ್ಟಿನಲ್ಲಿ ಕುಟ್ಟಿದಂತೆ ಜೋರಾಗಿ ಬಂತು. ಹೋಗಿ ನೋಡಿದರೆ ಹುಡುಗಿಯ ಕಣ್ಣಲ್ಲಿ ನೀರು.

ಪರದೆಯ ಮೇಲೆ ಜಪಾನಿ ಅಕ್ಷರಗಳೇ ಇದ್ದವು. ಚಂದಕ್ಕೇನೂ ಕಡಿಮೆ ಇರಲಿಲ್ಲ. ನನಗಂತೂ ಏನೂ ತಪ್ಪು ಕಾಣಲಿಲ್ಲ. ಓದಿ ಹೇಳು ಎಂದೆ. ವತಾಶಿ ಅಂದರೆ ನಾನು ಎಂದು ಅರ್ಥವಂತೆ. ಆ ಒಂದು ಶಬ್ದ ಟೈಪ್ ಮಾಡಿದರೆ ತೆಚಿಕಚಿತೊಕುನಿ ಎಂದು ಬರುತ್ತಿದೆ ಅಂದಳು. ಇನ್ನೊಂದು ಹೊತ್ತಿನಲ್ಲಾದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವಳು ಮಾಡದೆ ಬಿಟ್ಟದ್ದೇನೂ ಇರಲಿಲ್ಲ. ಕಂಪ್ಯೂಟರು ಬಂದ್ ಮಾಡಿ ಮತ್ತೆ ಶುರು ಮಾಡಿದ್ದಳು. ಭಾಷೆ ತೆಗೆದು ಮತ್ತೆ ಹಾಕಿದ್ದಳು. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ, ಸ್ಪೇಸ್‌ಬಾರಿನ ಬಲಗಡೆ ಇರುವ ಕೀಲಿ ಒತ್ತಿ ಎಂದಿದ್ದನಂತೆ. ಆ ಕೀಲಿ ಇರುವುದು ಜಪಾನಿನ ಕೀಬೋರ್ಡಿನಲ್ಲಿ. ನಮ್ಮದು ಠಾಣೆ ಸ್ಟೇಶನ್ ಎದುರಿನ ಅಂಗಡಿಯಿಂದ ತಂದದ್ದು, ಅದರಲ್ಲಿ ಎಲ್ಲಿಂದ ಬರಬೇಕು? ಗಂಡನಿಗೆ ಫೋನ್ ಹಚ್ಚಿದರೆ ಅವನು ಎತ್ತುತ್ತಿಲ್ಲ. ಹಿಂದಿನ ಆಫೀಸಿನಲ್ಲಿ ಎಲ್ಲ ಮೊದಲೇ ಸರಿಮಾಡಿ ಇಟ್ಟಿರುತ್ತಿದ್ದರು, ಇಂಥದ್ದನ್ನು ಅವಳು ಕಂಡೇ ಇರಲಿಲ್ಲ.

"ಕಂಪ್ಯೂಟರಿಂದೇನೂ ತಪ್ಪಿಲ್ರಿ ಅತ್ತಿ. ನಾನ ಎಲ್ಲಾ ಮರತೀನಿ. ಕುಣೀಲಿಕ್ಕೆ ಬರದಾಕಿ ಅಂಗಳ ಡೊಂಕು ಅಂದ್ಲಂತ, ಹಂಗ ಆಗೇದ ನಂದು," ಎಂದು ಕೈಚೆಲ್ಲಿ ಕೂತಳು.

ನನ್ನ ಪಿತ್ತ ನೆತ್ತಿಗೇರಿತು. ಡೊಂಬಿವಲಿಗೆ ನೇತಾಡಿಕೊಂಡು ಹೋಗಿ ಕಲಿತವಳು, ಒಂದು ಡಬ್ಬಿ ತಕರಾರು ಮಾಡಿತೆಂದು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತಿದ್ದಾಳೆ! "ಒಮ್ಮೊಮ್ಮೆ ಅಂಗಳ ನಿಜವಾಗಿಯೂ ಡೊಂಕಿರ್ತದೆ ಮಾರಾಯ್ತಿ," ಎಂದೆ. "ಮೊದಲು ಅಂಗಳ ನೋಡುವ. ಅಳುವುದು ಆಮೇಲೂ ಆಗ್ತದೆ."

ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಕೈಗೆ ಕಾಯಿತುರಿ ಮೆತ್ತಿದ್ದರಿಂದ ಕೀಬೋರ್ಡ್ ಮುಟ್ಟಲಿಲ್ಲ, ಅವಳಿಂದಲೇ ಒತ್ತಿಸಿದೆ. ಇಂಗ್ಲಿಷಿನ ಎ ಒತ್ತು ಎಂದೆ. ಏನು ಬಂತು? ಚಿ. ಇನ್ನೊಮ್ಮೆ ಒತ್ತು. ಮತ್ತೆ ಚಿ. ಇನ್ನೂ ಒಮ್ಮೆ. ಚಿಯೇ. ಈಗ ಕೆ ಒತ್ತು. ನೊ ಬಂತು, ಎಷ್ಟು ಸಲ ಒತ್ತಿದರೂ ನೊ. ನನಗೆ ಧೈರ್ಯ ಬಂತು. ಯಂತ್ರಕ್ಕೆ ಹುಚ್ಚು ಹಿಡಿದಿದ್ದರೆ ಪ್ರತಿ ಸಲ ಬೇರೆ ಬೇರೆ ಬರಬೇಕಿತ್ತು. ಇದು ಯಾವುದೋ ಒಂದು ನಿಯಮಕ್ಕೆ ಕಟ್ಟುಬಿದ್ದಿದೆ. ಪಾಪ, ಯಾರೋ ಹೇಳಿಕೊಟ್ಟದ್ದನ್ನು ನಿಯತ್ತಾಗಿ ಮಾಡುತ್ತಿದೆ.

ಆಫೀಸಿನಲ್ಲಿ ಕೆ ಒತ್ತಿದಾಗ ಏನು ಬರುತ್ತಿತ್ತು ಎಂದು ಕೇಳಿದೆ. ಬರೀ ಕೆ ಬಂದು ನಿಲ್ಲುತ್ತಿತ್ತು, ಎ ಒತ್ತಿದ ಮೇಲೆ ಎರಡೂ ಸೇರಿ ಜಪಾನಿಯ ಕ ಆಗುತ್ತಿತ್ತು ಅಂದಳು. ಅಷ್ಟು ಸಾಕಾಯಿತು ನನಗೆ. ಇದು ನಮ್ಮ ಸಂಘದ ಹಳೆಯ ಜಗಳವೇ! ಅವಳು ಟೈಪ್ ಮಾಡುವುದು ಆ ಹುಡುಗಿಯರ ಹಾಗೆ, ಇಂಗ್ಲಿಷ್ ಕೂಡಿಸಿ ಕೂಡಿಸಿ. ಕಂಪ್ಯೂಟರು ಕೂತಿರುವುದು ನನ್ನ ಹಾಗೆ, ಒಂದು ಕೀಲಿಗೆ ಒಂದು ಅಕ್ಷರ ಕೊಟ್ಟುಕೊಂಡು. ನನಗೆ ಆ ಯಂತ್ರದ ಮೇಲೆ ಗೌರವವೇ ಹುಟ್ಟಿತು. ಆದರೆ ಸೊಸೆಯ ಪರೀಕ್ಷೆಯ ಎದುರು ನನ್ನ ಗೌರವ ಯಾವ ಲೆಕ್ಕ?

"ನೀನೇನೂ ಮರೆಯಲಿಲ್ಲ," ಎಂದೆ. "ನಿನ್ನ ಕೈ ಒಂದು ಪದ್ಧತಿ, ಇದರದ್ದು ಇನ್ನೊಂದು ಪದ್ಧತಿ. ಬದಲಾಯಿಸುವ ಜಾಗ ಎಲ್ಲಿಯಾದರೂ ಇದ್ದೇ ಇರ್ತದೆ, ನನ್ನ ಕನ್ನಡಕ್ಕೂ ಇದೆ. ಹುಡುಕು."

ಪರದೆಯ ಕೆಳಗಿನ ಮೂಲೆಯಲ್ಲಿ ಜಪಾನಿಯ ಅ ಒಂದು ಕೂತಿತ್ತು. ನನ್ನ ಕನ್ನಡದ ಗುರುತೂ ಕೂರುವುದು ಅದೇ ಮೂಲೆಯಲ್ಲಿ. ಮೌಸಿನ ಬಲಗುಂಡಿ ಒತ್ತಿಸಿದೆ. ಪಟ್ಟಿ ಬಿಚ್ಚಿಕೊಂಡಿತು. ಅವಳು ಒಂದೊಂದೇ ಸಾಲು ಓದುತ್ತ ಬಂದಳು, ಒಂದು ಕಡೆ ನಿಂತಳು. ಕಾನಾ ಇನ್‌ಪುಟ್, ಆನ್ ಎಂದಿತ್ತು. ಕಾನಾ ಅಂದರೆ ಅವರ ಅಕ್ಷರಗಳಂತೆ. ಆಫ್ ಮಾಡು ಎಂದೆ. ಮಾಡಿದಳು. ವತಾಶಿ ಎಂದು ಟೈಪ್ ಮಾಡಿದಳು. ವತಾಶಿ ಎಂದೇ ಬಂತು.

ನಮ್ಮ ಹುಡುಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳ ಬೆರಳುಗಳು ಓಡಿದವು. ಒಂದು ಇಡೀ ಸಾಲು ಬರೆದು, ಅದನ್ನೇ ನೋಡಿ ನಕ್ಕಳು, ಅಳಿಸಿದಳು. ಏನು ಬರೆದೆ ಎಂದು ಕೇಳಲು ಪುರುಸೊತ್ತಿರಲಿಲ್ಲ. ಹನ್ನೊಂದಾಗುತ್ತಾ ಬಂದಿತ್ತು. ಮುಖ ತೊಳೆದು ಬಾ ಎಂದು ಓಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಐವತ್ತು ದಾಟಿದ ಮೇಲೆ ಇಷ್ಟು ಖುಷಿ ಯಾವುದಕ್ಕೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆ ನಡೆಯುತ್ತಿದ್ದಾಗ ಮಗನ ಫೋನು ಬಂತು. ಬಾಲ್ಕನಿಗೆ ಹೋಗಿ, ದನಿ ತಗ್ಗಿಸಿ ಬೈಯಲು ಶುರು ಮಾಡಿದೆ. ಅವನಿಗೆ ಕಕ್ಕಾಬಿಕ್ಕಿ. ಕಂಪ್ಯೂಟರಿಗೆ ಜಪಾನಿ ಹಾಕುವಾಗ ಅಲ್ಲಿ ಎರಡು ದಾರಿ ಕಂಡಿತ್ತಂತೆ, ಒಂದು ಇಂಗ್ಲಿಷ್ ಅಕ್ಷರದ್ದು, ಇನ್ನೊಂದು ಜಪಾನಿ ಅಕ್ಷರದ್ದು. "ಅರೇ ಅಮ್ಮ, ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ತಪ್ಪು ಅಂತ ನೀನೇ ತೋ ಹೇಳ್ತೀಯಲ್ಲ!" ಎಂದ. ಇಪ್ಪತ್ತೈದು ವರ್ಷ ನಾನು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವನು, ಪಾಲಿಸಲು ಆ ಒಂದು ದಿನವೇ ಸಿಕ್ಕಿತೇ ಇವನಿಗೆ? ನನ್ನ ಕಾನೂನು ಕನ್ನಡಕ್ಕೆ ಮಾರಾಯ, ಜಪಾನಿಗಲ್ಲ ಎಂದು ಫೋನಿಟ್ಟೆ. ಕಾನೂನು ಈಗಲೂ ಹಾಗೆಯೇ ಇದೆ.

ಮುಂದಿನ ವಾರ ಕಂಪನಿಯಿಂದ ಕರೆ ಬಂತು. ಕೆಲಸ ಅವಳದಾಯಿತು. ತುರ್ಭೆಯ ಬೀಗರು ಸುದ್ದಿ ಕೇಳಿ ಫೋನಿನಲ್ಲೇ ಅತ್ತರು. ನಾನು ಬಿಲ್ಡಿಂಗಿನ ಲಿಫ್ಟ್‌ನಲ್ಲಿ ಸಿಕ್ಕಿದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ತೆಚಿಕಚಿತೊಕುನಿ ಕತೆ ಹೇಳಿದೆ. ಮೀನಿನ ಪ್ರಶ್ನೆ ಕೇಳಿದ್ದ ಆ ನೆಂಟರಿಗಂತೂ ನಾನೇ ಫೋನ್ ಮಾಡಿ ಹೇಳಿದೆ.

ಮೊದಲ ದಿನ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಡಬ್ಬಿ ಕೈಗೆ ಕೊಡುವಾಗ ನನಗೆ ನೆನಪಾಯಿತು. ಅವತ್ತು ಸರಿಯಾದ ಕೂಡಲೇ ಒಂದು ಸಾಲು ಬರೆದು ನಕ್ಕೆಯಲ್ಲ, ಎಂತ ಬರೆದದ್ದು ಎಂದು ಕೇಳಿದೆ.

ಅವಳು ಅದನ್ನು ಮೊದಲು ಜಪಾನಿಯಲ್ಲಿ ಹೇಳಿದಳು, ಗಟ್ಟಿಯಾಗಿ, ಎದುರುಮನೆಗೂ ಕೇಳುವ ಹಾಗೆ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ನಾ ಮರತಿಲ್ಲ, ಅಂತ ಬರದಿದ್ದೆ ಅತ್ತಿ."

ಡಬ್ಬಿಯನ್ನು ಅವಳ ಕೈಗೆ ತುರುಕಿದೆ. "ಗೊತ್ತಿತ್ತು ನನಗೆ," ಎಂದೆ. "ಹೋಗು ಬೇಗ, ಘಣಸೋಲಿ ಟ್ರೇನು ತಪ್ತದೆ."